ಕೌದಿಯ ಹೊಟ್ಟೆ

"ಏ ದುರಗೀ, ಕಣ್ಣು ಎಲ್ಲಿಟ್ಟೀಯ, ಕುಂಡ್ಯಾಗೇನ? ಆ ರೊಟ್ಟಿ ಗಂಟು ಒಳಗ ಯಾಕ ತಂದಿ? ಎಷ್ಟ ಸರ್ತಿ ಬೊಗಳಬೇಕು ನಿಮಗ?"

ಗೌಡಶಾನಿ ರೇವವ್ವ ವಾಡೆಯ ಹಿತ್ತಿಲ ಬಾಗಿಲಲ್ಲಿ ನಿಂತು ಕೂಗಿದಳು. ಒಂದು ಕಾಲು ಹೊಸ್ತಿಲ ಒಳಗೆ ಇಟ್ಟಿದ್ದ ದುರಗವ್ವ ಹಾಗೇ ನಿಂತಳು. ಕಂಕುಳಲ್ಲಿದ್ದ ಗಂಟು ತಾನಾಗಿಯೇ ಸೆರಗಿನ ಹಿಂದೆ ಸರಿಯಿತು.

"ಮರತ್ನಿರಿ ಯವ್ವಾ."

"ಮರೀತಿ, ಮರೀತಿ. ತಿನ್ನೂದು ಮಾತ್ರ ಮರಿಯಂಗಿಲ್ಲ. ಹೋಗ್, ಬೇವಿನ ಗಿಡಕ್ಕ ತೂಗಹಾಕು. ಸಾಬಾಣ ಹಚ್ಚಿ ಕೈ ತೊಳಕೊಂಡು ಬಾ."

ಹೊಲಿಯಲು ಕೂರುವ ಜಾಗ ಮೊದಲು ದನದ ಕೊಟ್ಟಿಗೆಯಾಗಿತ್ತು. ಟ್ರ್ಯಾಕ್ಟರ್ ಬಂದಮೇಲೆ ಎತ್ತುಗಳು ಗುಡಗೇರಿ ಸಂತೆ ಸೇರಿದವು. ರೇವವ್ವನ ಸೊಸೆ ಅಮೃತಾ ಗೋಡೆಗೆ ಸುಣ್ಣ ಬಳಿಸಿ, ಫ್ಯಾನು ಹಾಕಿಸಿ, ಬಾಗಿಲ ಮೇಲೆ 'ಭೂಮಿತಾಯಿಗೆ ಭಾರವಾಗದ ಬಟ್ಟೆ' ಎಂದು ಬೋರ್ಡು ಬರೆಸಿದಳು. ಮೇವು ಹಾಕುವ ಗೋದಲಿ ಮಾತ್ರ ಹಾಗೇ ಉಳಿದಿತ್ತು, ಬಂದವರಿಗೆ ನೋಡಲು ಚಂದ ಎಂದು. ಎತ್ತುಗಳಿದ್ದಾಗ ಅವಕ್ಕೆ ಒಂದೊಂದು ಹೆಸರಿತ್ತು, ಕಾರಹುಣ್ಣಿಮೆಗೆ ಅದೇ ಗೋದಲಿಯಲ್ಲಿ ಹೋಳಿಗೆ ಹಾಕುತ್ತಿದ್ದರು. ಈಗ ಅದರ ಮುಂದೆ ಕೂತು ಹೊಲಿಯುವ ಹೆಂಗಸರು ತಮ್ಮ ರೊಟ್ಟಿಯನ್ನು ಬೇವಿನ ಗಿಡಕ್ಕೆ ತೂಗುಹಾಕಿ ಬರಬೇಕು.

ಅಮೃತಾ ಪುಣೆಯಲ್ಲಿ ಬಟ್ಟೆ ವಿನ್ಯಾಸ ಓದಿದವಳು. ಊರೂರು ತಿರುಗಿ, ಉಟ್ಟು ಬಿಟ್ಟ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಹಳೆಯ ಕೌದಿ ಸಂಗ್ರಹಿಸಿ, ಅವನ್ನು ಕತ್ತರಿಸಿ ಕೋಟು, ಜಾಕೀಟು, ಚೀಲ ಮಾಡಿಸಿ ದೊಡ್ಡ ಪಟ್ಟಣಗಳಿಗೆ ಕಳಿಸುತ್ತಿದ್ದಳು. ಹೊಸ ಬಟ್ಟೆ ಮಾಡಬೇಕೆಂದರೆ ನೀರು ಹಾಳು, ನೆಲ ಹಾಳು, ಇದ್ದುದನ್ನೇ ಮತ್ತೆ ಉಡುವುದನ್ನು ಮನುಷ್ಯ ಕಲಿಯಬೇಕು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಮಾತು ಸುಳ್ಳೇನಲ್ಲ. ಆದರೆ ದುರಗವ್ವನ ಕೇರಿಯವರಿಗೆ ಇದು ಹೊಸ ಪಾಠವೂ ಅಲ್ಲ. ಅವರು ಹುಟ್ಟಿದಾಗಿನಿಂದ ಒಬ್ಬರು ಉಟ್ಟು ಬಿಟ್ಟದ್ದನ್ನೇ ಉಟ್ಟು ದೊಡ್ಡವರಾದವರು.

ದುರಗವ್ವ ಕೈ ಒರೆಸಿಕೊಂಡು ಜಮಾಲಬಿಯ ಬಾಜು ಕೂತಳು. ಮಸೂತಿ ಓಣಿಯ ಜಮಾಲಬಿ ಅವಳ ಹರೆಯದ ದಿನಗಳ ಗೆಳತಿ. ಇಬ್ಬರೂ ಒಂದೇ ಕೌದಿಯ ಎರಡು ತುದಿ ಹಿಡಿದು ಹೊಲಿಯುತ್ತ ಮುದುಕಿಯರಾದವರು.

"ಏನಬೇ, ಮುಂಜಾನೆದ್ದ ಮಂಗಳಾರತಿ ಆತು?" ಜಮಾಲಬಿ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು.

"ಆತು. ಪ್ರಸಾದ ಉಡ್ಯಾಗ ಐತಿ," ಎಂದು ದುರಗವ್ವ ನಡುವಿನ ಸೀರೆಯ ಮಡಿಕೆಯನ್ನು ತಟ್ಟಿ ತೋರಿಸಿದಳು.

ಅಲ್ಲಿ ಖಡಕ್ ರೊಟ್ಟಿಯ ಒಂದು ಚೂರಿತ್ತು. ಗಂಟನ್ನು ಗಿಡಕ್ಕೆ ಹಾಕುವ ಮೊದಲು ಅವಳು ದಿನವೂ ಅಷ್ಟನ್ನು ಮುರಿದು ಉಡಿಗೆ ಸೇರಿಸುತ್ತಿದ್ದಳು. ಕೌದಿ ಉಪವಾಸ ಇರಬಾರದು. ಇದು ಅವಳ ಅತ್ತೆ ಹೇಳಿಕೊಟ್ಟ ಮಾತು, ಅತ್ತೆಗೆ ಅವಳ ಅತ್ತೆ ಹೇಳಿದ್ದು. ಹೊಲಿದು ಮುಗಿಯುವಾಗ ಒಂದು ಮೂಲೆಯನ್ನು ತೆರೆದಿಟ್ಟು, ಹೊಲಿದವಳು ತನ್ನ ಊಟದಿಂದ ಒಂದು ತುಣುಕು ರೊಟ್ಟಿಯನ್ನು ಅದರೊಳಗೆ ಇಟ್ಟು ಮುಚ್ಚಬೇಕು. ಆ ಮೂಲೆಗೆ ಕೌದಿಯ ಹೊಟ್ಟೆ ಎಂದು ಹೆಸರು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಾರೆ. ರೊಟ್ಟಿ ನಾಲ್ಕು ಸಲ ಒಗೆಯುವಷ್ಟರಲ್ಲಿ ಪುಡಿಯಾಗಿ ಅರಿವೆಯೊಳಗೆ ಅರಿವೆಯಾಗಿಬಿಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅಮೃತಾಳ ಜಾಕೀಟುಗಳಿಗೂ ದುರಗವ್ವ ಉಗುರಿನಷ್ಟು ಚೂರನ್ನು ಕೊರಳಪಟ್ಟಿಯ ಮಡಿಕೆಯಲ್ಲಿಟ್ಟು ಹೊಲಿಯುತ್ತಿದ್ದಳು. ಯಾರೋ ಎಲ್ಲಿಯವರೋ ತೊಡುತ್ತಾರೆ, ಬರಿ ಹೊಟ್ಟೆಯ ಬಟ್ಟೆ ಯಾಕೆ ಕಳಿಸಬೇಕು ಎಂದು.

ಅವತ್ತು ಹೊಲಿಯುತ್ತಿದ್ದಾಗಲೂ ಅವಳ ಜೀವ ಅಲ್ಲಿರಲಿಲ್ಲ. ಅವಳ ಸ್ವಂತ ಕೌದಿಯೊಂದು ಇದೇ ವಾಡೆಯೊಳಗೆ ಎಲ್ಲೋ ಇತ್ತು. ಅದು ಮನೆಗೆ ವಾಪಸು ಬರಬೇಕಿತ್ತು, ಬಂದಿರಲಿಲ್ಲ.

ಅದು ಸವಿತಾಳ ಕೌದಿ. ಸವಿತಾ ದುರಗವ್ವನಿಗೆ ಒಬ್ಬಳೇ ಮಗಳು. ಅವಳ ಗಂಡ ಗೋವಾಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಒಲೆ ಹೂಡಿದ. ಸವಿತಾ ಕೂಸನ್ನು ಎತ್ತಿಕೊಂಡು ತವರಿಗೆ ಬಂದು ಗೌಡರ ಎರೆಹೊಲದಲ್ಲಿ ಹತ್ತಿಯ ಕೆಲಸಕ್ಕೆ ಹೋಗತೊಡಗಿದಳು. ಹತ್ತಿಗೆ ಹುಳ ಬಿದ್ದ ವರ್ಷ, ಎಣ್ಣೆ ಹೊಡೆಯುವ ಆಳು ಬರಲಿಲ್ಲವೆಂದು ರೇವವ್ವನ ಮಗ, ಅಮೃತಾಳ ಗಂಡ ಸಂಗನಬಸವಗೌಡ ಪಂಪನ್ನು ಅವಳ ಬೆನ್ನಿಗೇ ಹೊರಿಸಿದ. ಪಂಪು ಸೋರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ಸೀರೆ, ಕುಬಸ, ಬೆನ್ನು ಎಲ್ಲ ಕೀಟನಾಶಕದಲ್ಲಿ ತೊಯ್ದಿದ್ದವು. ಬದುವಿನ ಮೇಲೆ ಬಿದ್ದು ಬಾಯಲ್ಲಿ ನೊರೆ ಬಂದವಳನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೊರಟರು. ಹುಬ್ಬಳ್ಳಿ ಮುಟ್ಟುವ ಮೊದಲೇ ಅವಳು ಮುಗಿದಿದ್ದಳು.

"ಹುಡುಗಿ ಉಪವಾಸ ಬಂದಿತ್ತು," ಎಂದ ಸಂಗನಬಸವ, ಕೇಳಿದವರಿಗೆಲ್ಲ. "ಖಾಲಿ ಹೊಟ್ಟಿ, ಮ್ಯಾಲ ಬಿಸಲು. ಚಕ್ಕರ್ ಬಂದು ಬಿತ್ತು."

ಪೊಲೀಸರು ಅದನ್ನೇ ಬರೆದುಕೊಂಡರು. ಊರೂ ತಲೆಯಾಡಿಸಿತು. ಕೇರಿಯ ಮನೆಯಲ್ಲಿ ಹಸಿವಿತ್ತು ಎಂದರೆ ನಂಬದವರು ಯಾರು? ಆದರೆ ಅವತ್ತು ಮುಂಜಾನೆ ಸವಿತಾ ತಾನೇ ರೊಟ್ಟಿ ಬಡಿದಿದ್ದಳು. ಪುಂಡಿಪಲ್ಯದ ಜೊತೆ ಉಂಡು, ಉಳಿದವನ್ನು ಕಟ್ಟಿಕೊಂಡು ಹೋಗಿದ್ದಳು. ಮರುದಿನ ದುರಗವ್ವ ಹೊಲಕ್ಕೆ ಹೋಗಿ ಬನ್ನಿಗಿಡದ ಬುಡದಲ್ಲಿದ್ದ ಬುತ್ತಿಯನ್ನು ಬಿಚ್ಚಿದಳು. ಅದರಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಅದರ ಅಂಚಿನಲ್ಲಿ ಹಲ್ಲಿನ ಗುರುತು ಇತ್ತು, ಸವಿತಾಳ ಮುಂದಿನ ಓರೆ ಹಲ್ಲಿನದು.

ಅದನ್ನು ಯಾರಿಗೆ ತೋರಿಸಬೇಕು? ತೋರಿಸಿದರೆ ಯಾರು ನೋಡುತ್ತಾರೆ? ದುರಗವ್ವ ಮಗಳ ಸೀರೆಗಳನ್ನೆಲ್ಲ ಹರಡಿಕೊಂಡು ಕೂತು ಕೌದಿ ಹೊಲಿದಳು. ಮದುವೆಯ ಮಾವಿನಕಾಯಿ ಅಂಚಿನ ಹಸಿರು ಸೀರೆ, ಕೂಸನ್ನು ತೊಟ್ಟಿಲಿಗೆ ಹಾಕಿದಾಗ ಉಟ್ಟ ಅರಿಷಿಣದ್ದು, ನಡುನಡುವೆ ಶಾಲೆಗೆ ಹೋಗುವಾಗಿನ ನೀಲಿ ಲಂಗದ ತುಂಡುಗಳು. ಮೂಲೆಯಲ್ಲಿ ಆ ಅರ್ಧ ರೊಟ್ಟಿಯನ್ನು ಇಟ್ಟು, ಮೂರು ಸುತ್ತು ದಾರ ಹಾಕಿ ಮುಚ್ಚಿದಳು. ಕೌದಿ ಒಗೆಯುವಾಗ ಆ ಮೂಲೆಯನ್ನು ನೀರಿಗೆ ಬಿಡದೆ ಎತ್ತಿ ಹಿಡಿಯುತ್ತಿದ್ದಳು. ಸವಿತಾಳ ಮಗಳು ಅರುಣಾ ಅದೇ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಮಲಗುವಳು. ಅದಕ್ಕೆ ಅವಳು ಇಟ್ಟ ಹೆಸರು ಅವ್ವನ ಮೂಲಿ.

ಅಂಥ ಕೌದಿಯನ್ನು ದುರಗವ್ವ ತನ್ನ ಕೈಯಾರೆ ಎತ್ತಿ ಕೊಟ್ಟಿದ್ದಳು.

ಅಮೃತಾ ಕೇರಿಗೆ ಬಂದಾಗ ಹಿಂದೆ ಟೆಂಪೋದ ತುಂಬ ಮಿಂಚುವ ಚಾದರಗಳಿದ್ದವು. ಒಂದೊಂದರ ಮೇಲೂ ಬಾಯಿ ತೆರೆದ ಹುಲಿ. ಹಳೇ ಕೌದಿ ಕೊಟ್ಟವರಿಗೆ ಹೊಸ ಹುಲಿ. ಪ್ಲಾಸ್ಟಿಕ್ಕಿನ ನೂಲಿನ ಚಾದರ, ಬೆಂಕಿಯ ಕಿಡಿ ಬಿದ್ದರೆ ಮೈಗೆ ಅಂಟಿಕೊಳ್ಳುವಂಥದ್ದು. ಆದರೂ ಹೊಸದು ಹೊಸದೇ. ಕೇರಿ ತನ್ನ ಕೌದಿಗಳನ್ನೆಲ್ಲ ತಂದು ಟೆಂಪೋಕ್ಕೆ ತುಂಬಿತು.

"ನಂದು ಕೊಡಂಗಿಲ್ರಿ ಅಕ್ಕಾರ," ಎಂದಳು ದುರಗವ್ವ.

ಅಮೃತಾ ಬೈಯಲಿಲ್ಲ. ಸೀರೆಯ ನಿರಿಗೆ ಎತ್ತಿಕೊಂಡು ದುರಗವ್ವನ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಇರ್ಲಿ ಬಿಡು. ಒಂದೀಟು ನೀರ ಕೊಡು ದುರಗವ್ವ. ಬಾಯಿ ಒಣಗೇತಿ."

ಇಡೀ ಓಣಿ ಬಾಗಿಲಿಗೆ ಬಂದು ನಿಂತಿತು. ವಾಡೆಯವರು ಈ ಓಣಿಯಲ್ಲಿ ಕೂತದ್ದೇ ಇಲ್ಲ, ನೀರಿನ ಮಾತು ಎಲ್ಲಿಂದ ಬಂತು! ದುರಗವ್ವ ತೊಳೆದಿದ್ದ ತಂಬಿಗೆಯನ್ನೇ ಮತ್ತೆ ಬೂದಿ ಹಚ್ಚಿ ತಿಕ್ಕಿದಳು. ಅಂಚಿನವರೆಗೂ ತುಂಬಿಕೊಂಡು ಬಂದಳು. ಅಮೃತಾ ತಂಬಿಗೆಯನ್ನು ಬಾಯಿಗೆ ಹಿಡಿದಳು. ಜೊತೆಗೆ ಬಂದಿದ್ದ ಹುಡುಗಿ ಫೋಟೋ ತೆಗೆದಳು. ತಂಬಿಗೆ ವಾಪಸು ಬಂದಾಗ ಮುಕ್ಕಾಲು ಹಾಗೇ ಇತ್ತು. ದೊಡ್ಡವರು ಇಷ್ಟೇ ಕುಡಿಯುತ್ತಾರೇನೋ ಎಂದುಕೊಂಡು ದುರಗವ್ವ ಉಳಿದ ನೀರನ್ನು ನೆಲಕ್ಕೆ ಚೆಲ್ಲದೆ ಕರಿಬೇವಿನ ಗಿಡಕ್ಕೆ ಹಾಕಿದಳು.

"ಕೊಯ್ಯಂಗಿಲ್ಲ, ಆಣಿ ಮಾಡ್ತೀನಿ," ಎಂದಳು ಅಮೃತಾ. "ಬರೇ ಫೋಟೋ ತೆಗಿಯಾಕ. ಅಮಾಸಿ ಒಳಗ ನಾನ ತಂದು ಕೊಡ್ತೀನಿ. ಮಗಳ ಹೆಸರೇನಂದಿ?"

"ಸವಿತಾ ರೀ."

ಮನೆಯ ನೀರು ಕುಡಿದವರಿಗೆ ಇಲ್ಲ ಎನ್ನಬಾರದು. ದುರಗವ್ವನ ಮಂದಿ ಇದನ್ನು ಹಾಲಿನ ಜೊತೆ ಕುಡಿದು ಬೆಳೆದವರು. ಅವಳು ಒಳಗೆ ಹೋಗಿ ಕೌದಿಯನ್ನು ಮಡಿಚಿ ತಂದಳು.

"ಈ ಮೂಲಿ ಅಷ್ಟ ಜ್ವಾಕಿರಿ ಅಕ್ಕಾರ."

"ಯಾಕ, ಏನೈತಿ ಮೂಲ್ಯಾಗ?"

ರೊಟ್ಟಿ ಎಂದರೆ ಎಲ್ಲಿ ಕೈ ಎಳೆದುಕೊಳ್ಳುತ್ತಾಳೋ, ಕುಡಿದ ನೀರು ಎಲ್ಲಿ ಕಹಿಯಾಗುತ್ತದೋ ಎಂದು ದುರಗವ್ವ ಹೆದರಿದಳು. "ಏನಿಲ್ರಿ. ಅದರ ಹೊಟ್ಟಿ ಐತ್ರಿ," ಎಂದಳು. ಅಮೃತಾ ನಕ್ಕಳು. ಎಷ್ಟು ಚಂದ ಮಾತಾಡ್ತೀರಿ ನೀವು ಎಂದು ಅದನ್ನು ಫೋನಿನಲ್ಲಿ ಬರೆದುಕೊಂಡಳು.

ಅಮಾವಾಸ್ಯೆ ಬಂದು ಹೋಯಿತು. ಅರುಣಾ ಹುಲಿಯ ಚಾದರದ ಕೆಳಗೆ ಬೆವರುತ್ತ ಹೊರಳಾಡುವಳು. ಅದರ ನಾಲ್ಕೂ ಮೂಲೆ ತಡಕಿ ನೋಡಿ ಕೇಳುವಳು, "ಆಯೀ, ಈ ಹುಲಿಗೆ ಹೊಟ್ಟಿ ಇಲ್ಲೇನ?"

"ಇಲ್ಲವ್ವಾ. ಅದಕ್ಕ ಬಾಯಿ ಅಷ್ಟ ಐತಿ."

"ಅವ್ವನ ಕೌದಿ ಯಾವಾಗ ಬರ್ತೈತಿ?"

"ನಾಳೆ," ಎಂದು ದುರಗವ್ವ ದಿನವೂ ಹೇಳುವಳು. ಹೇಳಿ ಹೇಳಿ ಆ ಮಾತು ಅವಳ ಬಾಯಲ್ಲೇ ಹಳಸಿತ್ತು.

ಅವತ್ತು ಕೆಲಸ ಮುಗಿದ ಮೇಲೆ, ಕೇಳಿಯೇಬಿಡೋಣ ಎಂದು ವಾಡೆಯ ಹಿಂಬಾಗಿಲಿಗೆ ಹೋದಳು. ಒಳಗೆ ಅತ್ತೆ ಸೊಸೆ ಮಾತಾಡುತ್ತಿದ್ದರು. ದುರಗವ್ವ ಬಾಗಿಲ ಬಾಜು ನಿಂತಳು.

"ಕೇರ್ಯಾಗ ನೀರ ಕುಡದ್ಯಂತಲ್ಲ, ಊರ ತುಂಬ ಅದ ಸುದ್ದಿ," ರೇವವ್ವನ ದನಿ. "ಲಿಂಗ ಕಟ್ಟಿದ ಮನಿ ಇದು, ಖಬರ್ ಐತೇನ?"

"ಅಯ್ಯ ಅತ್ತೀ, ಎಲ್ಲಿ ಕುಡದೇನಿ? ತುಟಿಗೆ ಹಚ್ಚಿದಂಗ ಮಾಡಿ ಸೆರಗಿನ್ಯಾಗ ಚೆಲ್ಲಿದೆ. ಫೋಟೋ ಬೇಕಿತ್ತು. ಮನಿಗೆ ಬಂದು ತಲಿಮ್ಯಾಲ ನೀರ ಹಾಕ್ಕೊಂಡೇನಿ, ನೀವ ನೋಡಿಲ್ಲೇನ?"

ಬೈಗುಳ ದುರಗವ್ವನಿಗೆ ಹೊಸದಲ್ಲ. ಬೈದರೆ ಒರೆಸಿಕೊಂಡು ಹೋಗಬಹುದು. ತಂಬಿಗೆಯನ್ನು ಎರಡೆರಡು ಸಲ ತಿಕ್ಕಿದ ತನ್ನ ಕೈಯ ನೆನಪಾಗಿ ಅವಳಿಗೆ ಅಳು ಬಂತು. ಗೋಡೆ ಹಿಡಿದು ನಿಂತಿದ್ದವಳನ್ನು ಹೊರಗೆ ಬಂದ ಅಮೃತಾ ನೋಡಿದಳು.

"ಏ ದುರಗವ್ವ, ಚೊಲೋ ಆತು ಬಂದಿ. ನಾಳೆ ಹುಬ್ಬಳ್ಳಿ, ಮುಂಬೈಯಿಂದ ದೊಡ್ಡ ಮಂದಿ ಬರ್ತಾರ. ನೀ ಮುಂದ ಕೂತು ಹೊಲೀಬೇಕು. ಚೊಲೋ ಸೀರಿ ಉಡಬ್ಯಾಡ ಮತ್ತ. ಇದ ಹರಕ ಸೀರಿನ ಇರ್ಲಿ. ಮೈಕ್ ಕೊಟ್ಟಾಗ, 'ಈ ಬಟ್ಟ್ಯಾಗ ವಿಷ ಇಲ್ರಿ' ಅಂತ ಒಂದ ಮಾತು ಹೇಳು, ಸಾಕು."

"ನನ್ನ ಕೌದಿ, ಅಕ್ಕಾರ?"

"ನಾಳೆ ನೋಡ್ತೀಯಲ್ಲ," ಎಂದು ಅಮೃತಾ ಒಳಗೆ ಹೋದಳು.

ಮರುದಿನ ವಾಡೆಯ ಅಂಗಳದಲ್ಲಿ ಪೆಂಡಾಲು ಬಿದ್ದಿತ್ತು. ಕಾರುಗಳು ಬಂದವು. ಬಂದವರು ಗೋದಲಿಯನ್ನು ಮುಟ್ಟಿ ನೋಡಿದರು, ಬೇವಿನ ಗಿಡಕ್ಕೆ ತೂಗುಬಿಟ್ಟ ರೊಟ್ಟಿಯ ಗಂಟುಗಳ ಫೋಟೋ ತೆಗೆದರು. ಸಂಗನಬಸವ ಬಿಳಿ ಅಂಗಿಯ ಮೇಲೆ ಕೌದಿಯ ಜಾಕೀಟು ತೊಟ್ಟು ಎಲ್ಲರಿಗೂ ಕೈ ಮುಗಿಯುತ್ತ ಓಡಾಡುತ್ತಿದ್ದ. ದುರಗವ್ವ ಹರಕು ಸೀರೆಯಲ್ಲೇ ಮುಂದಿನ ಜಮಖಾನೆಯ ಮೇಲೆ ಕೂತಿದ್ದಳು. ಜಮಾಲಬಿ ಮತ್ತು ಉಳಿದ ಹೆಂಗಸರು ಹಿಂದೆ ಕೂತಿದ್ದರು.

"ಇವರು ನಮ್ಮ ದುರಗಮ್ಮನವರು," ಎಂದು ಅಮೃತಾ ಮೈಕಿನಲ್ಲಿ ಹೇಳಿದಳು. ನಿನ್ನೆಯ ದುರಗವ್ವ ಒಂದೇ ರಾತ್ರಿಯಲ್ಲಿ ಅಮ್ಮನೂ ಆಗಿ ಅವರೂ ಆಗಿದ್ದಳು. "ಇವರ ಮನೆಯಲ್ಲಿ ನಾನು ನೀರು ಕುಡಿದಿದ್ದೇನೆ. ಇವರ ಮಗಳ ನೆನಪಿಗಾಗಿ ನಾವೊಂದು ವಿಶೇಷ ಕೋಟು ಮಾಡಿದ್ದೇವೆ. ಅದರ ಹೆಸರೇ ಸವಿತಾ."

ಚಪ್ಪಾಳೆಯ ನಡುವೆ ಒಬ್ಬ ಎತ್ತರದ ಹೆಣ್ಣುಮಗಳು ವಾಡೆಯ ಪಡಸಾಲೆಯಿಂದ ಇಳಿದು ಬಂದಳು. ಮೈಮೇಲೆ ಮೊಣಕಾಲವರೆಗಿನ ಕೋಟು. ಎದೆಯ ಮೇಲೆ ಹಸಿರು, ಮಾವಿನಕಾಯಿ ಅಂಚು. ತೋಳಿಗೆ ಅರಿಷಿಣ. ಕಿಸೆಗಳಿಗೆ ನೀಲಿ ಲಂಗ.

ದುರಗವ್ವನ ಕೈಯಲ್ಲಿದ್ದ ಸೂಜಿ ಬೆರಳಿಗೆ ಇಳಿಯಿತು. ಆ ಹೆಣ್ಣುಮಗಳು ಫೋಟೋಕ್ಕೆಂದು ಅವಳ ಬಾಜುವೇ ಕುಕ್ಕರಗಾಲಲ್ಲಿ ಕೂತು, ಹೆಗಲ ಮೇಲೆ ಕೈ ಹಾಕಿ ನಕ್ಕಳು. ಮಗಳ ಸೀರೆ ಮೂಗಿನ ಹತ್ತಿರ ಬಂತು. ಅದಕ್ಕೆ ಬೇರೆ ಯಾವುದೋ ಅತ್ತರಿನ ವಾಸನೆ ಇತ್ತು. ದುರಗವ್ವ ಕೋಟಿನ ಕೊರಳು ತಡಕಿದಳು, ಅಂಚು ತಡಕಿದಳು, ಕಿಸೆಯ ತುದಿ ಹಿಸುಕಿ ನೋಡಿದಳು.

"ಇದರ ಹೊಟ್ಟಿ ಎಲ್ಲೈತ್ರಿ ಅಕ್ಕಾರ?"

ಅಮೃತಾ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದಳು, "ಈಗ ಬ್ಯಾಡ. ಮಾತಾಡು, ಮೈಕ್ ಹಿಡಿ."

"ಕೊಯ್ಯಂಗಿಲ್ಲ ಅಂತ ಆಣಿ ಮಾಡಿದ್ರಿ."

"ಎಷ್ಟ ಚಂದ ಆಗೇತಿ ನೋಡು. ಮಗಳ ಹೆಸರು ಹಾಕೀವಿ, ಇನ್ನೇನು ಬೇಕು?"

"ಮೂಲಿ ಏನ್ ಮಾಡಿದ್ರಿ?"

"ಏನೋ ರೊಟ್ಟಿ ಚೂರಿತ್ತು, ನುಸಿ ಆಡಿದ್ವು. ತಿಪ್ಪಿಗೆ ಒಗದ್ರು ಅದನ್ನ."

ಮೈಕು ದುರಗವ್ವನ ಕೈಯಲ್ಲಿತ್ತು. ಒಗದ್ರು ಎಂಬ ಮಾತು ಪೆಂಡಾಲಿನ ನಾಲ್ಕೂ ಮೂಲೆಗೆ ಕೇಳಿಸಿತು. ಅದಕ್ಕಿಂತ ಮೊದಲು ರೊಟ್ಟಿ ಎಂಬ ಮಾತು ರೇವವ್ವನ ಕಿವಿಗೆ ಬಿದ್ದಿತ್ತು. ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

"ರೊಟ್ಟಿ? ಯಾರ ಮನಿ ರೊಟ್ಟಿ? ಏ ದುರಗೀ, ನಿಮ್ಮ ಕೇರಿ ರೊಟ್ಟಿ ಇಟ್ಟು ಹೊಲಿದೀಯೇನ? ಇದೊಂದ್ರಾಗೋ, ಎಲ್ಲಾದ್ರಾಗೂ ಇಟ್ಟೀಯೋ?"

ಹೆದರಿಕೆ ಎಂಬುದು ಎಷ್ಟು ವರ್ಷದಿಂದ ದುರಗವ್ವನ ಜೊತೆಗಿತ್ತೋ ಅವಳಿಗೇ ಗೊತ್ತಿಲ್ಲ. ಈಗ ಹುಡುಕಿದರೆ ಅದು ಸಿಗಲಿಲ್ಲ. ಒಳಗೆ ದುಃಖವೊಂದೇ ಇತ್ತು.

"ಎಲ್ಲಾದ್ರಾಗೂ ಐತ್ರಿ ಯವ್ವಾ," ಎಂದಳು. "ಗೌಡ್ರ ಮೈಮ್ಯಾಲಿನ ಜಾಕೀಟಿನ್ಯಾಗೂ ಐತಿ. ನೀವು ಬಾಣಂತನದಾಗ ಹೊದ್ದ ಕೌದ್ಯಾಗೂ ಐತಿ. ಗೌಡ್ರನ್ನ ತೊಟ್ಟಿಲದಾಗ ಹಾಕಿದ ಸಣ್ಣ ಕೌದ್ಯಾಗ ನಮ್ಮತ್ತಿ ಇಟ್ಟಾಳ. ನೀವು ನೀರ ಚಿಮುಕಿಸಿ ಒಳಗ ಒಯ್ದ್ರಿ. ಮ್ಯಾಲಿಂದ ಚಿಮುಕಿಸಿದ್ರಿ, ಒಳಗ ರೊಟ್ಟಿ ಇತ್ತು. ನಿಮ್ಮನ್ನ ಒಂದ ದಿನಾನೂ ಉಪವಾಸ ಮಲಗಿಸಿಲ್ಲ ನಾವು."

ಸಂಗನಬಸವನ ಕೈ ಕೊರಳಪಟ್ಟಿಗೆ ಹೋಯಿತು. ಚೇಳು ಹೊಕ್ಕವರ ಹಾಗೆ ಜಾಕೀಟನ್ನು ಕಿತ್ತು ಒಗೆದ. ಗುಂಡಿಯೊಂದು ಹರಿದು ಜಮಖಾನೆಯ ಮೇಲೆ ಉರುಳಿತು. "ಲೇ, ಆ ರಂಡಿ ಕೈಯಾಗಿನ ಮೈಕ್ ಕಸಗೋರ್ಲೇ!" ಎಂದು ಒದರಿದ. ಮುಂಬೈಯವರು ಏನೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಜಮಾಲಬಿ ಎದ್ದು ಬಂದು ದುರಗವ್ವನ ಮುಂದೆ ಅಡ್ಡ ನಿಂತಳು. ಗಟ್ಟಿ ಮೈಯ ಹೆಂಗಸು. ಸರಿಸಬೇಕೆಂದರೆ ಮುಟ್ಟಬೇಕು, ಮುಟ್ಟಲು ಯಾರೂ ಮುಂದೆ ಬರಲಿಲ್ಲ.

"ನನ್ನ ಮಗಳೂ ಉಪವಾಸ ಸತ್ತಿಲ್ರೀ ಗೌಡ್ರ," ದುರಗವ್ವ ಜಮಾಲಬಿಯ ಹಿಂದಿನಿಂದಲೇ ಹೇಳಿದಳು. "ಉಂಡು ಬಂದಿದ್ಲು. ಆಕಿ ಕಡಿದ ರೊಟ್ಟಿ ಇತ್ತು ಆ ಮೂಲ್ಯಾಗ, ಹಲ್ಲಿನ ಗುರುತಿತ್ತು. ನಿಮ್ಮ ಹತ್ತಿ ಎಣ್ಣಿ ಬೆನ್ನಿನ ಮ್ಯಾಲ ಸುರದು ಸತ್ತಾಳ. ಆಕಿ ಸೀರಿ ಇವು. ವಿಷ ಇಲ್ಲ ಅನ್ನು ಅಂತೀರಿ. ನಾ ಯಾವ ಬಾಯಿಲೆ ಅನ್ನಲಿ?"

ಯಾರೋ ವೈರು ಕಿತ್ತರು. ಕೊನೆಯ ಮಾತು ಹತ್ತಿರದವರಿಗಷ್ಟೇ ಕೇಳಿಸಿತು. ಕೋಟು ತೊಟ್ಟಿದ್ದ ಹೆಣ್ಣುಮಗಳು ನಿಧಾನಕ್ಕೆ ಎದ್ದು, ಅಮೃತಾಳ ಕಿವಿಯ ಹತ್ತಿರ ಬಗ್ಗಿ, "ಇದನ್ನು ತೊಳೆಸಿದ್ದೀರಿ ತಾನೆ?" ಎಂದಳು. ಅಮೃತಾ ಉತ್ತರ ಹೇಳುವ ಮೊದಲೇ ಕೋಟನ್ನು ಎರಡು ಬೆರಳಲ್ಲಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಅಂಗೈಯನ್ನು ಕರವಸ್ತ್ರದಿಂದ ಒರೆಸಿಕೊಂಡಳು.

ದುರಗವ್ವ ಕೋಟನ್ನು ಎತ್ತಿಕೊಂಡಳು. ಕೂಸನ್ನು ಎತ್ತಿಕೊಂಡಂತೆ ಎದೆಗೆ ಅವಚಿಕೊಂಡು ಹೊರಟಳು.

"ಕಳ್ಳಿ! ನಿನ್ನ ಹೆಣಾ ಎತ್ಲಿ, ಇಡು ಅದನ್ನ ಅಲ್ಲೆ! ಸಂಗನಬಸೂ, ಪೊಲೀಸ್ರಿಗೆ ಫೋನ್ ಹಚ್ಚೋ!" ರೇವವ್ವ ಹಿಂದಿನಿಂದ ಒದರುತ್ತಿದ್ದಳು. ಕೈ ಹಾಕಿ ಕಸಿದುಕೊಳ್ಳಲು ಅವಳೂ ಬರಲಿಲ್ಲ.

ದುರಗವ್ವ ನೇರ ಮನೆಗೆ ಹೋಗಲಿಲ್ಲ. ಕೊಟ್ಟಿಗೆಯ ಹಿಂದಿನ ತಿಪ್ಪೆಗೆ ಹೋದಳು. ಕತ್ತರಿಸಿ ಉಳಿದ ಚಿಂದಿಯನ್ನೆಲ್ಲ ಅಲ್ಲಿ ಒಗೆಯುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅತಿಥಿಗಳು ಬರುವ ಮೊದಲು ಹಿತ್ತಿಲು ಸ್ವಚ್ಛ ಕಾಣಲೆಂದು ಆ ಚಿಂದಿಗೆ ಮುಂಜಾನೆಯೇ ಬೆಂಕಿ ಹಚ್ಚಿದ್ದರು. ಚಾದರಗಳನ್ನು ಸುತ್ತಿ ತಂದ ಪ್ಲಾಸ್ಟಿಕ್ಕೂ ಅದರ ಜೊತೆ ಕರಗಿ ಕರಿ ಉಂಡೆಯಾಗಿತ್ತು. ಅವಳು ಕೋಟನ್ನು ಹಿಂದೆಯೇ ಬಂದ ಜಮಾಲಬಿಯ ಕೈಗೆ ಕೊಟ್ಟು, ಮೊಣಕಾಲೂರಿ ಬೂದಿಯೊಳಗೆ ಕೈ ಹಾಕಿದಳು. ಬೂದಿ ಇನ್ನೂ ಬಿಸಿಯಿತ್ತು.

"ಬಿಡಬೇ," ಎಂದಳು ಜಮಾಲಬಿ. "ಸುಟ್ಟದ್ದು ಸಿಗತೈತೇನ?"

"ಒಂದ ಚೂರು ಇದ್ರ ಸಾಕವ್ವಾ. ಕರಕಾಗಿದ್ರೂ ಅಡ್ಡಿಲ್ಲ."

ಕೈಗೆ ಹಸಿರು ಸೀರೆಯ ಸುಟ್ಟ ಅಂಚೊಂದು ಬಂತು, ಹಿಡಿಯುವಷ್ಟರಲ್ಲಿ ಪುಡಿಯಾಯಿತು. ಸವಿತಾ ಉಂಡು ಹೋಗಿದ್ದಳು ಎಂಬುದಕ್ಕೆ ಈ ಭೂಮಿಯ ಮೇಲೆ ಇದ್ದ ಒಂದೇ ಗುರುತು ಆ ರೊಟ್ಟಿ. ದುರಗವ್ವ ಬೂದಿಯ ಕೈಯನ್ನು ಮುಖಕ್ಕೆ ಮುಚ್ಚಿಕೊಂಡು ಅತ್ತಳು. ಮಗಳು ಸತ್ತ ದಿನ ಇಷ್ಟು ಅತ್ತಿರಲಿಲ್ಲ. ಅವತ್ತು ಕೂಸನ್ನು ಸುಮ್ಮನಾಗಿಸುವುದಿತ್ತು. ಜಮಾಲಬಿ ಅವಳ ಬೆನ್ನು ತಿಕ್ಕುತ್ತ ಕೂತಳು.

ಹೊತ್ತು ವಾಲುವಾಗ ಇಬ್ಬರೂ ಕೇರಿಗೆ ಬಂದರು. ಅರುಣಾ ಕಟ್ಟೆಯ ಮೇಲೆ ಕೂತು ರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನುತ್ತಿದ್ದಳು. ಹಸಿರು ಕಂಡದ್ದೇ ಓಡಿಬಂದು ಕೋಟನ್ನು ಕಸಿದುಕೊಂಡಳು. ಕಟ್ಟೆಯ ಮೇಲೆ ಮಲಗಿ 'ಹೊಚ್ಚು, ಹೊಚ್ಚು' ಎಂದಳು. ದುರಗವ್ವ ಹೊಚ್ಚಿದಳು. ಎದೆ ಮುಚ್ಚಿತು. ಮೊಣಕಾಲಿನ ಕೆಳಗೆ ಕೋಟು ಸಾಲಲಿಲ್ಲ. ಹುಡುಗಿ ಕಾಲು ಮಡಿಚಿ ನೋಡಿದಳು, ತೋಳುಗಳನ್ನು ಎಳೆದು ನೋಡಿದಳು, ಆಮೇಲೆ ಮೂಲೆ ಹುಡುಕಿದಳು.

"ಆಯೀ, ಇದು ಸಣ್ಣದಾತು. ಅವ್ವನ ಮೂಲಿ ಎಲ್ಲೈತಿ?"

ದುರಗವ್ವ ಸೂಜಿ ದಾರ ತೆಗೆದು ಕಟ್ಟೆಯ ಮೇಲೆ ಕೂತಳು. ಕೋಟಿನ ಕೊರಳಿನ ಒಳಗೆ ಸವಿತಾ ಎಂದು ನೂಲಿನಲ್ಲಿ ಬರೆದ ಪಟ್ಟಿ ಇತ್ತು. ಓದಲು ಬಾರದಿದ್ದರೂ ಅದೇ ಇರಬೇಕೆಂದು ಅವಳಿಗೆ ಅನ್ನಿಸಿತು. ಅದರ ಒಂದು ಬದಿಯ ಹೊಲಿಗೆಯನ್ನು ಬಿಚ್ಚಿದಳು. ಒಳಗೆ ಹೋಗಿ ಬುಟ್ಟಿಯಿಂದ ರೊಟ್ಟಿ ತರಲು ಎದ್ದವಳು, ಮೊಮ್ಮಗಳ ಕೈಯನ್ನು ನೋಡಿ ನಿಂತಳು. ಅರುಣಾಳ ಕೈಯಲ್ಲಿ ಅರ್ಧ ರೊಟ್ಟಿ ಇತ್ತು, ಕಡಿದದ್ದು. ಕಡಿದ ಗುರುತಿನಲ್ಲಿ, ಹಾಲುಹಲ್ಲು ಬಿದ್ದ ಕಡೆ, ನಡುವೆ ಒಂದು ಸಂದಿ ಉಳಿದಿತ್ತು.

"ಅದನ್ನ ಕೊಡವ್ವಾ ಇಲ್ಲೆ."

"ಎಂಜಲೈತಿ ಆಯೀ."

"ಅದಕ್ಕ ಬೇಕು, ಕೊಡು."

ಓಣಿಯ ತುದಿಯಲ್ಲಿ ಜೀಪಿನ ಸದ್ದಾಯಿತು. ನಾಯಿಗಳು ಬೊಗಳಿದವು. ಎದುರು ಮನೆಯವರು ಬಾಗಿಲು ಹಾಕಿಕೊಂಡರು. "ಬಂದ್ರಬೇ," ಎಂದು ಜಮಾಲಬಿ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ದುರಗವ್ವ ತಲೆ ಎತ್ತಲಿಲ್ಲ. ರೊಟ್ಟಿಯ ಕಡಿದ ಅಂಚನ್ನು ಮುರಿದು ಪಟ್ಟಿಯೊಳಗೆ ಇಟ್ಟು, ಬೆರಳಲ್ಲಿ ಒತ್ತಿ, ಮೊದಲ ಹೊಲಿಗೆ ಹಾಕಿದಳು.

ಪೊಲೀಸರ ಬೂಟುಗಳು ಕಟ್ಟೆಯ ಮುಂದೆ ಬಂದು ನಿಂತವು. ಹಿಂದೆ ಸಂಗನಬಸವ ನಿಂತಿದ್ದ, ಬರಿ ಅಂಗಿಯಲ್ಲಿ.

"ಏ ಮುದುಕಿ, ಏಳು. ಆ ಕೋಟ್ ಇಲ್ಲಿ ಕೊಡು."

"ತಡೀರಿ ಸಾಹೇಬ್ರ," ಎಂದಳು ದುರಗವ್ವ. "ಗಂಟು ಹಾಕೂದು ಉಳದೈತಿ."

ಕೋಟಿನ ಒಂದು ತೋಳನ್ನು ಪೊಲೀಸಿನವನು ಹಿಡಿದು ಎಳೆದ. ಇನ್ನೊಂದು ತೋಳು ಅರುಣಾಳ ಮುಷ್ಟಿಯಲ್ಲಿತ್ತು. ನಡುವೆ ದಾರ ಬಿಗಿಯಾಯಿತು. ದುರಗವ್ವ ಹೊಲಿಯುವುದನ್ನು ನಿಲ್ಲಿಸಲಿಲ್ಲ.